ಗಂಟೆಗೆ 25 ಕಿ.ಮೀ. ಓಡಿಸುವವನಿಗೆ ಏರೋ ಹೆಲ್ಮೆಟ್ ಬೇಕೇ?

ತಿಕೋಟಾ ರಸ್ತೆ | ಜುಲೈ 6, ರಾತ್ರಿ 9:12

ವಯಸ್ಸು ನಲವತ್ತಮೂರು, ಊರು ವಿಜಯಪುರ, ಕೆಲಸ ಸಹಕಾರಿ ಸಂಘದಲ್ಲಿ ಕುರ್ಚಿ ಕಾಯುವುದು. ಎರಡು ವರ್ಷದ ಹಿಂದೆ ವೈದ್ಯರು ಸಕ್ಕರೆಯ ಅಂಕಿ ತೋರಿಸಿ ಹೆದರಿಸಿದ ಮೇಲೆ ಬಾಗಿದ ಹ್ಯಾಂಡಲಿನ ಒಂದು ಹಳೆಯ ರೋಡ್ ಸೈಕಲ್ ಕೊಂಡೆ. ಅಂದಿನಿಂದ ಭಾನುವಾರ ನಸುಕಿನಲ್ಲಿ ಅಥಣಿ ರಸ್ತೆ ಹಿಡಿದು ತಿಕೋಟಾದವರೆಗೆ ಹೋಗಿ, ಅಲ್ಲಿ ಅರ್ಧ ಕಪ್ ಚಹಾ ಕುಡಿದು ತಿರುಗಿ ಬರುತ್ತೇನೆ. ಮನೆಯಿಂದ ಮನೆಗೆ 40 ಕಿಲೋಮೀಟರ್.

ಚಹಾದ ಹೊತ್ತು ಬಿಟ್ಟರೆ ಫೆಬ್ರುವರಿಯಲ್ಲಿ 1 ಗಂಟೆ 36 ನಿಮಿಷ ಹಿಡಿಯುತ್ತಿತ್ತು. ಒಂದೂವರೆ ಗಂಟೆಯೊಳಗೆ ಮುಗಿಸಬೇಕೆಂಬುದು ನನ್ನ ಹಟ. ಆದರೆ ಜೂನ್ ಕಳೆದ ಮೇಲೆ ಸಮಯ ಇಳಿಯುವ ಬದಲು 1 ಗಂಟೆ 44ಕ್ಕೆ ಏರಿದೆ. ಕಾಲು ಸೋತವೋ ಸಕ್ಕರೆ ಏರಿತೋ ತಿಳಿಯದು.

ಗೆಳೆಯನೊಬ್ಬ ಏರೋ ಹೆಲ್ಮೆಟ್, ಅಂದರೆ ಗಾಳಿ ಸುಲಭವಾಗಿ ಸೀಳಲೆಂದು ಹಿಂದೆ ಬಾಲವಿಟ್ಟ ಹೆಲ್ಮೆಟ್, ಕೊಳ್ಳಲು ಹೇಳುತ್ತಿದ್ದಾನೆ. ಅವನು ತೋರಿಸಿದ್ದರ ಬೆಲೆ 14 ಸಾವಿರ. ಮನೆಯಲ್ಲಿ ಈ ಅಂಕಿಯನ್ನು ಇನ್ನೂ ಹೇಳಿಲ್ಲ. ನನ್ನಂಥ ನಿಧಾನದವನಿಗೆ ಅದರಿಂದ ಏನಾದರೂ ಸಿಗುತ್ತದೆಯೇ?

ಹಳೆ ಟ್ರ್ಯಾಕ್ ಸವಾರ | ಜುಲೈ 6, ರಾತ್ರಿ 9:50

ಕೊಳ್ಳಬೇಡಿ. ಮೂವತ್ತರ ಕೆಳಗೆ ಓಡಿಸುವವರಿಗೆ ಏರೋ ಸಾಮಾನು ಎಂದರೆ ಎತ್ತಿನ ಬಂಡಿಗೆ ಬಣ್ಣ ಹೊಡೆಸಿದಂತೆ. ಚೆಂದ ಕಾಣುತ್ತದೆ, ಬಂಡಿ ಮಾತ್ರ ಬಂಡಿಯೇ.

ನಮ್ಮ ಕಾಲದಲ್ಲಿ ಹಾಸ್ಟೆಲಿನಲ್ಲಿ ಬೆಳಿಗ್ಗೆ ಐದಕ್ಕೆ ಸೀಟಿ ಊದಿದರೆ ಚಡ್ಡಿ ಬನಿಯನ್ನಿನಲ್ಲೇ ಅರವತ್ತು ಕಿಲೋಮೀಟರ್ ಹೊಡೆಯುತ್ತಿದ್ದೆವು. ವಿಜಯಪುರ, ಬಾಗಲಕೋಟೆಯ ಮಕ್ಕಳು ರಾಷ್ಟ್ರಮಟ್ಟದಲ್ಲಿ ಪದಕ ತಂದದ್ದು ಹೀಗೆ. ಮೊದಲು ಕಾಲು, ಆಮೇಲೆ ಕಾಸು.

ಜಮಖಂಡಿ ಎಕ್ಸ್‌ಪ್ರೆಸ್ | ಜುಲೈ 6, ರಾತ್ರಿ 10:04

ಸರ್, ತಪ್ಪು ತಿಳಿಯಬೇಡಿ. ಈಗ ಪದಕ ತರುತ್ತಿರುವ ಮಕ್ಕಳ ತಲೆಯ ಮೇಲೆ ಏನಿದೆ ನೋಡಿ. ಬನಿಯನ್ ಹಾಕಿಕೊಂಡು ಯಾರೂ ಟೈಮ್ ಟ್ರಯಲ್‌ಗೆ, ಅಂದರೆ ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡಿಸುವ ಓಟಕ್ಕೆ, ನಿಲ್ಲುವುದಿಲ್ಲ.

1989ರ ಟೂರ್ ಡಿ ಫ್ರಾನ್ಸ್ ನೆನಪಿಸಿಕೊಳ್ಳಿ. ಕೊನೆಯ ದಿನ ವರ್ಸೇಲ್ಸ್‌ನಿಂದ ಪ್ಯಾರಿಸ್‌ಗೆ 24.5 ಕಿಲೋಮೀಟರ್ ಟೈಮ್ ಟ್ರಯಲ್ ಇತ್ತು. ಅಲ್ಲಿಯವರೆಗಿನ ಒಟ್ಟು ಸಮಯದಲ್ಲಿ ಫ್ರಾನ್ಸಿನ ಲೊರಾಂ ಫಿನ್ಯೋಂ 50 ಸೆಕೆಂಡ್ ಮುಂದಿದ್ದರು. ಅಮೆರಿಕದ ಗ್ರೆಗ್ ಲಮಾಂಡ್ ಹ್ಯಾಂಡಲಿಗೆ ಮುಂಗೈ ಊರಿ ಬಾಗಲು ಮುಂದಕ್ಕೆ ಚಾಚಿದ ಏರೋ ಬಾರ್ ಕಟ್ಟಿ, ತಲೆಗೆ ಉದ್ದ ಹೆಲ್ಮೆಟ್ ಹಾಕಿಕೊಂಡು ಹೊರಟರು. ಫಿನ್ಯೋಂ ಬರಿತಲೆಯಲ್ಲಿ, ಕಟ್ಟಿದ ಜುಟ್ಟನ್ನು ಗಾಳಿಗೆ ಬಿಟ್ಟುಕೊಂಡು ಬಂದರು. ಆ ದಿನ ಲಮಾಂಡ್ 58 ಸೆಕೆಂಡ್ ಬೇಗ ಮುಗಿಸಿದರು. ಮೂರು ಸಾವಿರಕ್ಕೂ ಹೆಚ್ಚು ಕಿಲೋಮೀಟರಿನ ಓಟವನ್ನು 8 ಸೆಕೆಂಡಿನಲ್ಲಿ ಗೆದ್ದರು. ಅಣ್ಣಾ, ಧೈರ್ಯವಾಗಿ ಕೊಳ್ಳಿ.

ಹಳೆ ಟ್ರ್ಯಾಕ್ ಸವಾರ | ಜುಲೈ 6, ರಾತ್ರಿ 10:11

ತಮ್ಮಾ, ಆ ದಿನ ಲಮಾಂಡ್ ಸರಾಸರಿ ವೇಗ ಗಂಟೆಗೆ 54.5 ಕಿಲೋಮೀಟರ್. ಇವರದು 25. ಫಿನ್ಯೋಂ ಅವರಿಗೆ ಸೀಟಿನ ಹುಣ್ಣು ಕಾಡುತ್ತಿತ್ತು ಎಂಬುದನ್ನೂ ಹೇಳು. ಎಲ್ಲವನ್ನೂ ಜುಟ್ಟಿನ ತಲೆಗೆ ಕಟ್ಟಬೇಡ.

ಲೆಕ್ಕದ ಮಾಸ್ತರ | ಜುಲೈ 7, ಬೆಳಿಗ್ಗೆ 6:30

ಇಬ್ಬರೂ ವಾದಿಸಿದಿರಿ, ಯಾರೂ ಲೆಕ್ಕ ಹಾಕಲಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನಿಗೆ ಇದನ್ನು ನೋಡಿ ನಿದ್ದೆ ಬರಲಿಲ್ಲ. ರಾತ್ರಿಯೇ ಹಾಳೆ ತೆಗೆದು ಕುಳಿತೆ.

ಸಪಾಟು ರಸ್ತೆಯಲ್ಲಿ ಸೈಕಲನ್ನು ಹಿಡಿದು ಜಗ್ಗುವುದು ಮುಖ್ಯವಾಗಿ ಎರಡು. ಮೊದಲನೆಯದು ಟೈರು ನೆಲಕ್ಕೆ ಉಜ್ಜುವ ಎಳೆತ. ನೀವು ಎಷ್ಟೇ ವೇಗವಾಗಿ ಹೋದರೂ ಈ ಎಳೆತ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಎರಡನೆಯದು ಗಾಳಿ. ಇದರ ಎಳೆತ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅದನ್ನು ಸೀಳಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ವೇಗ ಇಮ್ಮಡಿಯಾದರೆ ಶಕ್ತಿ ಎಂಟು ಪಟ್ಟು ಬೇಕು. ಹಳೆ ಟ್ರ್ಯಾಕ್ ಸವಾರರು ಹೇಳುವುದರ ಬೇರು ಇಲ್ಲಿದೆ.

ಗಾಳಿಗೆ ನೀವು ಒಡ್ಡುವ ಮೈಯ ಅಳತೆಗೆ ಸಿಡಿಎ ಎನ್ನುತ್ತಾರೆ. ಹ್ಯಾಂಡಲಿನ ಮೇಲ್ಭಾಗ ಹಿಡಿದು ಕುಳಿತವನಿಗೆ 0.36 ಚದರ ಮೀಟರ್ ಎಂದಿಟ್ಟುಕೊಂಡೆ. ಸವಾರ, ಸೈಕಲ್ ಸೇರಿ 80 ಕಿಲೋ. ಟೈರಿನ ಎಳೆತ ಅಳೆಯುವ ಗುಣಾಂಕ 0.006, ಅದು ಕಡಿಮೆಯಾದಷ್ಟೂ ಎಳೆತ ಕಡಿಮೆ. ವಿಜಯಪುರ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಗಾಳಿ ಸ್ವಲ್ಪ ತೆಳು. ಆದ್ದರಿಂದ ಘನ ಮೀಟರಿಗೆ 1.1 ಕಿಲೋ ಹಿಡಿದೆ. ಈಗ ಬಟ್ಟೆ, ಹೆಲ್ಮೆಟ್, ಕೂರುವ ಭಂಗಿ ಎಲ್ಲ ಸೇರಿ ಸಿಡಿಎ 0.32ಕ್ಕೆ ಇಳಿಯಿತು ಎನ್ನೋಣ. ಕಾಲಿನ ಬಲ ಮೊದಲಿನಷ್ಟೇ. 40 ಕಿಲೋಮೀಟರ್ ದಾರಿಯಲ್ಲಿ ಉಳಿಯುವುದೆಷ್ಟು?

ಗಂಟೆಗೆ 40ರಲ್ಲಿ ಹೋಗುವವನಿಗೆ 30 ವ್ಯಾಟ್ ಉಳಿಯುತ್ತದೆ, ಸಮಯದಲ್ಲಿ 2 ನಿಮಿಷ 11 ಸೆಕೆಂಡ್. 30ರಲ್ಲಿ ಹೋಗುವವನಿಗೆ ಹದಿಮೂರು ವ್ಯಾಟ್‌ಗೆ ತುಸು ಕಡಿಮೆ, ಸಮಯ 2 ನಿಮಿಷ 45. ಇನ್ನು 20ರಲ್ಲಿ ತೆವಳುವವನಿಗೆ ಉಳಿಯುವುದು ನಾಲ್ಕು ವ್ಯಾಟ್ ಕೂಡ ಅಲ್ಲ, ಆದರೆ ಸಮಯ 3 ನಿಮಿಷ 39 ಸೆಕೆಂಡ್!

ಉತ್ತರ ತಪ್ಪೆಂದು ನಾನೇ ಎರಡು ಸಲ ಅಳಿಸಿ ಬರೆದೆ. ತಪ್ಪಿಲ್ಲ. ನಿಧಾನದವನು ಹೆಚ್ಚು ನಿಮಿಷ ಉಳಿಸುತ್ತಾನೆ.

ತಿಕೋಟಾ ರಸ್ತೆ | ಜುಲೈ 7, ಬೆಳಿಗ್ಗೆ 8:05

ಮಾಸ್ತರರೇ, ನಾಲ್ಕು ವ್ಯಾಟ್ ಉಳಿಸಿದವನು ಮೂವತ್ತು ವ್ಯಾಟ್ ಉಳಿಸಿದವನಿಗಿಂತ ಹೆಚ್ಚು ಸಮಯ ಉಳಿಸುವುದು ಹೇಗೆ? ನನಗೆ ಅರ್ಥವಾಗುವ ಭಾಷೆಯಲ್ಲಿ ಹೇಳಿ.

ಲೆಕ್ಕದ ಮಾಸ್ತರ | ಜುಲೈ 7, ಬೆಳಿಗ್ಗೆ 8:20

ನೀವು ಸಹಕಾರಿ ಸಂಘದವರು, ಬಡ್ಡಿಯ ಲೆಕ್ಕದಲ್ಲೇ ಹೇಳುತ್ತೇನೆ. 40ರ ವೇಗದವನ ಉಳಿತಾಯದ ದರ ಶೇಕಡಾ 3.6, ಅವಧಿ ಒಂದು ಗಂಟೆ. 20ರ ವೇಗದವನ ದರ ಶೇಕಡಾ 3, ಅವಧಿ ಎರಡು ಗಂಟೆ. ದರ ತುಸು ಕಡಿಮೆ, ಅವಧಿ ಇಮ್ಮಡಿ. ಕೈಗೆ ಬರುವ ಬಡ್ಡಿ ಯಾರದು ಹೆಚ್ಚು?

ಅವನು ರಸ್ತೆಯ ಮೇಲೆ ಹೆಚ್ಚು ಹೊತ್ತು ಇರುತ್ತಾನೆ, ಹೆಚ್ಚು ಹೊತ್ತು ಗಾಳಿ ತಿನ್ನುತ್ತಾನೆ. ಅಷ್ಟೇ ಗುಟ್ಟು.

ಜಮಖಂಡಿ ಎಕ್ಸ್‌ಪ್ರೆಸ್ | ಜುಲೈ 7, ಬೆಳಿಗ್ಗೆ 9:15

ಇದರಲ್ಲಿ ಒಂದು ಜಾಣತನವಿದೆ ಸರ್. ದೂರವನ್ನು 40 ಕಿಲೋಮೀಟರಿಗೆ ಕಟ್ಟಿಹಾಕಿದ್ದರಿಂದ ಹೀಗೆ ಬಂದಿದೆ. ಹೊತ್ತನ್ನು ಕಟ್ಟಿಹಾಕಿ ನೋಡಿ. ನಿಮ್ಮ ಅಂಕಿಗಳಲ್ಲೇ ಒಂದು ಗಂಟೆಯಲ್ಲಿ ವೇಗದವನು ಒಂದೂವರೆ ಕಿಲೋಮೀಟರ್ ಮುಂದೆ ಹೋಗುತ್ತಾನೆ, ನಿಧಾನದವನು 600 ಮೀಟರಿಗೆ ಸ್ವಲ್ಪ ಹೆಚ್ಚು. ಒಂದು ಗಂಟೆಯಲ್ಲಿ ಅತಿ ಹೆಚ್ಚು ದೂರ ಓಡಿಸುವ ‘ಗಂಟೆಯ ದಾಖಲೆ’ಗೆ ಯತ್ನಿಸುವವರು ಏರೋ ಹಿಂದೆ ಬೀಳುವುದು ಅದಕ್ಕೇ. 1972ರಲ್ಲಿ ಎಡ್ಡಿ ಮರ್ಕ್ಸ್ ತೆಳುಗಾಳಿ ಹುಡುಕಿಕೊಂಡು ಮೆಕ್ಸಿಕೋ ಸಿಟಿಗೇ ಹೋಗಿ 49.431 ಕಿಲೋಮೀಟರ್ ಓಡಿಸಿದರು. 2022ರಲ್ಲಿ ಫಿಲಿಪ್ಪೋ ಗಾನ್ನಾ 56.792.

ಲೆಕ್ಕದ ಮಾಸ್ತರ | ಜುಲೈ 7, ಬೆಳಿಗ್ಗೆ 9:31

ಒಪ್ಪಿದೆ. ಆದರೆ ತಿಕೋಟಾ ಇವರ ಅನುಕೂಲಕ್ಕಾಗಿ ಹತ್ತಿರ ಬರುವುದಿಲ್ಲ, ದೂರ ಸರಿಯುವುದೂ ಇಲ್ಲ. ಇವರ ಪ್ರಶ್ನೆ ದೂರದ್ದು.

ಹಳೆ ಟ್ರ್ಯಾಕ್ ಸವಾರ | ಜುಲೈ 7, ಮಧ್ಯಾಹ್ನ 1:10

ಸರಿ ಮಾಸ್ತರರೇ, ಎತ್ತಿನ ಬಂಡಿಯ ಮಾತನ್ನು ಅರ್ಧ ಹಿಂದೆ ತೆಗೆದುಕೊಂಡೆ. ಅರ್ಧ ಮಾತ್ರ. ಸಿಡಿಎ 0.04 ಇಳಿಸುವುದು ಹೆಲ್ಮೆಟ್ ಒಂದರಿಂದ ಆಗುವ ಮಾತಲ್ಲ. ಗಾಳಿಗೆ ಸಿಗುವುದರಲ್ಲಿ ಮುಕ್ಕಾಲು ಪಾಲು ಸವಾರನ ಮೈ, ಸೈಕಲ್ ಉಳಿದ ಕಾಲು. ಹೆಲ್ಮೆಟ್ ಒಂದಕ್ಕೆ ಎಷ್ಟು ಬರುತ್ತದೆ, ಅದನ್ನು ಹೇಳಿ.

ಲೆಕ್ಕದ ಮಾಸ್ತರ | ಜುಲೈ 7, ಮಧ್ಯಾಹ್ನ 2:45

ಗಾಳಿಯ ಎಳೆತದಲ್ಲಿ ಶೇಕಡಾ ಎರಡು ಎಂದು ಉದಾರವಾಗಿಯೇ ಹಿಡಿಯುತ್ತೇನೆ. 25ರ ವೇಗದಲ್ಲಿ 40 ಕಿಲೋಮೀಟರಿಗೆ 33 ಸೆಕೆಂಡ್. 40ರ ವೇಗದವನಿಗೆ ಸುಮಾರು 22.

ತಿಕೋಟಾ ರಸ್ತೆ | ಜುಲೈ 7, ಮಧ್ಯಾಹ್ನ 3:02

14 ಸಾವಿರಕ್ಕೆ 33 ಸೆಕೆಂಡ್. ಸೆಕೆಂಡಿಗೆ ನಾನೂರ ಇಪ್ಪತ್ತನಾಲ್ಕು ರೂಪಾಯಿ. ಮನೆಯಲ್ಲಿ ಹೇಳದೆ ಇದ್ದದ್ದೇ ಒಳ್ಳೆಯದಾಯಿತು.

ಹಳೆ ಟ್ರ್ಯಾಕ್ ಸವಾರ | ಜುಲೈ 7, ಮಧ್ಯಾಹ್ನ 3:10

ಆ 33 ಕೂಡ ತಲೆಯನ್ನು ನೆಟ್ಟಗೆ ಇಟ್ಟರೆ ಮಾತ್ರ. ದಣಿದವನು ತಲೆ ಬಗ್ಗಿಸಿ ಮುಂಗಾಲಿಯನ್ನೇ ನೋಡುತ್ತಾನೆ. ಆಗ ಹೆಲ್ಮೆಟಿನ ಬಾಲ ನವಿಲಿನಂತೆ ಮೇಲೆದ್ದು ಗಾಳಿಗೆ ಅಡ್ಡ ನಿಲ್ಲುತ್ತದೆ. ಸಾಲದ್ದಕ್ಕೆ ಅದರಲ್ಲಿ ಗಾಳಿಯಾಡುವ ತೂತುಗಳು ಕಡಿಮೆ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಅದನ್ನು ಹಾಕಿಕೊಂಡು ಹೋದರೆ ತಲೆಯೊಳಗೆ ಅನ್ನ ಬೇಯುತ್ತದೆ.

ಸವದತ್ತಿ ಗಾಳಿಗಂಬ | ಜುಲೈ 7, ರಾತ್ರಿ 8:40

ಎಲ್ಲರೂ ಹೆಲ್ಮೆಟಿನ ಹಿಂದೆ ಬಿದ್ದಿದ್ದೀರಿ, ಅಣ್ಣನವರ 1 ಗಂಟೆ 44ನ್ನು ಯಾರೂ ಕೇಳಲಿಲ್ಲ. ನಾನು ಸವದತ್ತಿ ಕಡೆ ಗಾಳಿ ವಿದ್ಯುತ್ ಗಂಬಗಳ ದುರಸ್ತಿ ಕೆಲಸದಲ್ಲಿದ್ದೇನೆ, ಗಾಳಿ ನನಗೆ ಅನ್ನ ಹಾಕುತ್ತದೆ. ಅಣ್ಣಾ, ನೀವು ಹೋಗುವುದು ಪಡುವಣಕ್ಕೆ. ಜೂನ್‌ನಿಂದ ಬೀಸುವುದು ಪಡುವಣ ಗಾಳಿ. ನಿಮ್ಮ ಕಾಲು ಸೋತಿಲ್ಲ, ಆಷಾಢ ಬಂದಿದೆ. ಹೋಗಲು ಎಷ್ಟು, ಬರಲು ಎಷ್ಟು ಹಿಡಿಯಿತು ಎಂದು ಬೇರೆ ಬೇರೆ ಹೇಳಿ.

ತಿಕೋಟಾ ರಸ್ತೆ | ಜುಲೈ 7, ರಾತ್ರಿ 8:52

ಮೊಬೈಲಿನಲ್ಲಿ ಇದೆ ಅಕ್ಕಾ. ಹೋಗಲು 1 ಗಂಟೆ 9 ನಿಮಿಷ, ಬರಲು 35. ಚಹಾ ಕುಡಿದ ಮೇಲೆ ಶಕ್ತಿ ಬಂತು ಎಂದುಕೊಂಡಿದ್ದೆ!

ಲೆಕ್ಕದ ಮಾಸ್ತರ | ಜುಲೈ 7, ರಾತ್ರಿ 10:25

ಚಹಾಕ್ಕೆ ಅಷ್ಟು ಶಕ್ತಿ ಇದ್ದಿದ್ದರೆ ನನ್ನ ಅರ್ಧ ತರಗತಿ ಗಣಿತದಲ್ಲಿ ಪಾಸಾಗುತ್ತಿತ್ತು.

ಎದುರು ಗಾಳಿ ಗಂಟೆಗೆ 15 ಕಿಲೋಮೀಟರ್ ಎಂದು ಹಿಡಿದೆ. ಗಾಳಿ ಇಲ್ಲದಾಗ 25ರಲ್ಲಿ ಓಡಿಸುವವನಿಗೆ ಬೇಕಾದ ಶಕ್ತಿ ಸುಮಾರು 99 ವ್ಯಾಟ್. ಅದೇ 99 ವ್ಯಾಟ್‌ಗೆ ಎದುರು ಗಾಳಿಯಲ್ಲಿ ವೇಗ 17.3ಕ್ಕೆ ಕುಸಿಯುತ್ತದೆ. 20 ಕಿಲೋಮೀಟರಿಗೆ 69 ನಿಮಿಷ. ಬೆನ್ನ ಗಾಳಿಯಲ್ಲಿ 34.3ಕ್ಕೆ ಏರುತ್ತದೆ, 35 ನಿಮಿಷ. ಒಟ್ಟು 1 ಗಂಟೆ 44. ನಿಮ್ಮ ಮೊಬೈಲೂ ನನ್ನ ಹಾಳೆಯೂ ಇಷ್ಟು ಸರಿಯಾಗಿ ಕೂಡಿದ್ದು ನೋಡಿ ನಮ್ಮ ಮನೆಯವರನ್ನು ಎಬ್ಬಿಸಿ ತೋರಿಸಿದೆ. ಅವರಿಗೆ ಅಷ್ಟೇನೂ ಸಂತೋಷವಾಗಲಿಲ್ಲ.

ಹೋಗುವಾಗ ಕಳೆದದ್ದನ್ನು ಬರುವಾಗ ಗಾಳಿ ತಿರುಗಿ ಕೊಡುತ್ತದೆ ಎಂದು ಜನ ನಂಬಿದ್ದಾರೆ. ಕೊಡುವುದಿಲ್ಲ. ಹೋಗುವಾಗ 21 ನಿಮಿಷ ಕಿತ್ತುಕೊಂಡು ಬರುವಾಗ 13 ಕೊಟ್ಟಿದೆ. ಎಂಟು ನಿಮಿಷ ಅದರ ದಲ್ಲಾಳಿ.

ಸವದತ್ತಿ ಗಾಳಿಗಂಬ | ಜುಲೈ 7, ರಾತ್ರಿ 10:40

ಹಳೆ ಟ್ರ್ಯಾಕ್ ಸವಾರರ ಮೂವತ್ತರ ಗೆರೆ ಇಲ್ಲಿ ಅಳಿಸುತ್ತದೆ. ಅಣ್ಣನವರ ಚಕ್ರ ಉರುಳುವುದು 17ರಲ್ಲಿ, ಎದೆಗೆ ಬಡಿಯುವ ಗಾಳಿ ಮಾತ್ರ 32ರದು. ಗಾಳಿಗೆ ನಿಮ್ಮ ಚಕ್ರದ ವೇಗ ಗೊತ್ತಿಲ್ಲ. ಮೈ ಬಾಗಿಸಿದ್ದಕ್ಕೆ ಹೆಚ್ಚು ಫಲ ಸಿಗುವುದು ಇಂಥ ಹೊತ್ತಿನಲ್ಲಿ, ಇಂಥ ನಿಧಾನದವರಿಗೆ.

ಏರಿನ ಮಾತು ಬೇರೆ. ಯಲ್ಲಮ್ಮನ ಗುಡ್ಡಕ್ಕೆ ಹತ್ತುವಾಗ ನಾನು 12ರಲ್ಲಿರುತ್ತೇನೆ. ಮಾಸ್ತರರ ಸೂತ್ರಕ್ಕೆ ಶೇಕಡಾ 5ರ ಏರು ಹಾಕಿ ನೋಡಿದೆ. 150 ವ್ಯಾಟ್‌ಗೂ ಹೆಚ್ಚು ಬೇಕಾಗುವಲ್ಲಿ ಗಾಳಿಯ ಪಾಲು ಏಳು ವ್ಯಾಟ್. ಅಲ್ಲಿ ಏರೋ ಹೆಲ್ಮೆಟ್ ತಲೆಯ ಮೇಲಿನ ಭಾರ, ಮತ್ತೇನಿಲ್ಲ.

ಹಾಲಿನ ಕ್ಯಾನು | ಜುಲೈ 8, ಬೆಳಿಗ್ಗೆ 10:15

ನಾನು ನಿಮ್ಮ ಹಾಗೆ ಓಟದ ಸೈಕಲಿನವನಲ್ಲ. ತಿಕೋಟಾ ರಸ್ತೆಯ ಹಳ್ಳಿಯಿಂದ ದಿನಾಲೂ ಊರೊಳಗೆ ಹಾಲು ಹಾಕುತ್ತೇನೆ. ಕ್ಯಾರಿಯರಿನ ಎರಡೂ ಬದಿ ಇಪ್ಪತ್ತು ಲೀಟರಿನ ಒಂದೊಂದು ಕ್ಯಾನು, ಗೇರಿಲ್ಲದ ಸೈಕಲ್.

ಅಕ್ಕನವರು ಹೇಳಿದ್ದು ನೂರಕ್ಕೆ ನೂರು. ಈ ದಿನಗಳಲ್ಲಿ ತುಂಬಿದ ಕ್ಯಾನು ಹಗುರ, ಖಾಲಿ ಕ್ಯಾನು ಭಾರ. ಬೆಳಿಗ್ಗೆ ಬರುವಾಗ ಗಾಳಿ ಬೆನ್ನಿಗೆ ಕೈ ಕೊಟ್ಟು ನೂಕುತ್ತದೆ. ತಿರುಗಿ ಹೋಗುವಾಗ ಹಾಲಿಲ್ಲ, ಆದರೂ ಕ್ಯಾನಿನ ಹೊಟ್ಟೆ ಅಷ್ಟೇ ದಪ್ಪ. ಮೊದಲು ಎರಡೂ ಬದಿಗೆ ತೂಗಿಬಿಡುತ್ತಿದ್ದೆ. ಈಗ ಖಾಲಿಯಾದ ಮೇಲೆ ಎರಡನ್ನೂ ಕ್ಯಾರಿಯರಿನ ಮೇಲೆ, ನನ್ನ ಬೆನ್ನಿನ ಹಿಂದೆ, ಒಂದರ ಹಿಂದೆ ಒಂದು ಮಲಗಿಸಿ ರಬ್ಬರು ಬಿಗಿಯುತ್ತೇನೆ. ದ್ರಾಕ್ಷಿ ತೋಟದ ಬಯಲಿಗೆ ಬಂದಾಗ ವ್ಯತ್ಯಾಸ ತೊಡೆಗೆ ಗೊತ್ತಾಗುತ್ತದೆ. ಇದಕ್ಕೂ ಏರೋ ಎನ್ನುತ್ತಾರೆಯೇ?

ಲೆಕ್ಕದ ಮಾಸ್ತರ | ಜುಲೈ 8, ಬೆಳಿಗ್ಗೆ 10:32

ಎನ್ನುತ್ತಾರೆ. ಇಲ್ಲಿ ಬರೆದವರಲ್ಲಿ ನಿಜವಾದ ಏರೋ ಕೆಲಸ ಮಾಡಿದವರು ಈವರೆಗೆ ನೀವೊಬ್ಬರೇ.

ಜಮಖಂಡಿ ಎಕ್ಸ್‌ಪ್ರೆಸ್ | ಜುಲೈ 8, ಬೆಳಿಗ್ಗೆ 11:00

ಹಾಗಾದರೆ ಅಣ್ಣನವರಿಗೆ ಏರೋ ಬಾರ್ ಹೇಳೋಣವೇ? ಮುಂಗೈ ಊರಿ ಮಲಗಿಬಿಟ್ಟರೆ ಸಿಡಿಎ ಒಮ್ಮೆಲೇ ಕೆಳಗಿಳಿಯುತ್ತದೆ, ಹೆಲ್ಮೆಟಿಗಿಂತ ಅಗ್ಗ ಕೂಡ.

ಹಳೆ ಟ್ರ್ಯಾಕ್ ಸವಾರ | ಜುಲೈ 8, ಮಧ್ಯಾಹ್ನ 12:20

ಒಬ್ಬನೇ ಗಡಿಯಾರದ ವಿರುದ್ಧ ಓಡುವವನಿಗೆ ಅದು ಸರಿ. ಗುಂಪಿನ ರಸ್ತೆ ಓಟದಲ್ಲಿ ನಿಯಮವೇ ಬಿಡುವುದಿಲ್ಲ. ಮುಂಗೈಯನ್ನು ಹ್ಯಾಂಡಲಿನ ಮೇಲೆ ಸುಮ್ಮನೆ ಊರುವುದನ್ನೂ 2021ರಲ್ಲಿ ನಿಷೇಧಿಸಿದರು. ಕಾರಣವಿದೆ: ಬ್ರೇಕ್ ಒಂದು ಕಡೆ, ಬೆರಳು ಇನ್ನೊಂದು ಕಡೆ.

ನನ್ನ ಕಥೆ ಕೇಳಿ. ನಿವೃತ್ತಿಯ ಮುಂಚೆ ಒಂದು ವರ್ಷ ಆಸೆಗೆ ಬಿದ್ದು ಏರೋ ಬಾರ್ ಹಾಕಿಸಿದ್ದೆ. ಒಂದು ಹಳ್ಳಿಯ ಮುಂದೆ, ಬಿಳಿ ಬಣ್ಣ ಬಳಿಯದ ರಸ್ತೆ ಉಬ್ಬು. ಹಿಂದಿನ ವಾರ ಅದು ಅಲ್ಲಿರಲಿಲ್ಲ. ಮಲಗಿದ ಭಂಗಿಯಲ್ಲೇ ಹತ್ತಿದೆ. ಬಲ ಮೊಣಕೈ ಪಟ್ಟಿಯಿಂದ ಜಾರಿತು, ಹ್ಯಾಂಡಲ್ ಎಡಕ್ಕೆ ತಿರುಗಿತು, ನಾನು ಬಲಕ್ಕೆ ಬಿದ್ದೆ. ಕಾಲರ್ ಮೂಳೆ ಮುರಿದು ಆರು ವಾರ ಕೈ ಕೊರಳಿಗೆ ನೇತುಹಾಕಿಕೊಂಡು ಕುಳಿತೆ. ಉಳಿಸಿದ ನಿಮಿಷಗಳನ್ನೆಲ್ಲ ಆ ಆರು ವಾರ ಬಡ್ಡಿ ಸಮೇತ ವಸೂಲಿ ಮಾಡಿತು. ಕುರಿ ಹಿಂಡು, ನಾಯಿ, ಎರಡು ಟ್ರೇಲರ್ ಎಳೆಯುವ ಕಬ್ಬಿನ ಟ್ರ್ಯಾಕ್ಟರ್ ಓಡಾಡುವ ರಸ್ತೆಯಲ್ಲಿ ಬ್ರೇಕ್ ಬಿಟ್ಟು ಕೈ ಇಡಬೇಡಿ. ಬಾಗಿದ ಹ್ಯಾಂಡಲಿನ ಕೆಳಭಾಗ ಹಿಡಿದು ಮೊಣಕೈ ಮಡಚಿದರೆ ಅರ್ಧ ಪುಣ್ಯ ಬರುತ್ತದೆ, ಬೆರಳು ಬ್ರೇಕಿನ ಮೇಲೆಯೇ ಇರುತ್ತದೆ.

ಟ್ರ್ಯಾಕ್ಟರ್ ಎಂದಾಗ ನೆನಪಾಯಿತು. ಅದರ ಹಿಂದೆ ಅಂಟಿಕೊಂಡು ಹೋದರೆ ಗಾಳಿಯೇ ಇರುವುದಿಲ್ಲ ಎಂದು ಹುಡುಗರು ಹೇಳುತ್ತಾರೆ. ನಿಜ. ಮೇಲಿಂದ ಕಬ್ಬಿನ ಜಲ್ಲೆ ಜಾರಿದರೆ ಗಾಳಿ ಮಾತ್ರವಲ್ಲ, ಉಸಿರೂ ಇರುವುದಿಲ್ಲ. ಗೆಳೆಯನ ಹಿಂದೆ ಒಂದು ಗಾಲಿಯ ಅಂತರದಲ್ಲಿ ಹೋಗಿ, ಸರದಿಯಂತೆ ಮುಂದೆ ಬನ್ನಿ. ಗಾಳಿಯ ಎಳೆತ ಮೂರನೆಯ ಒಂದು ಪಾಲಿನಷ್ಟು ಕಡಿಮೆಯಾಗುತ್ತದೆ, ಕಾಸಿಲ್ಲದೆ.

ತಿಕೋಟಾ ರಸ್ತೆ | ಜುಲೈ 8, ರಾತ್ರಿ 9:30

ಭಾನುವಾರ ಐದಕ್ಕೆ ಏಳುವ ಗೆಳೆಯ ನನಗೆ ಇಲ್ಲ. ಹೆಲ್ಮೆಟ್ ಕೊಳ್ಳಲು ಹೇಳಿದವನು ಏಳುವುದು ಒಂಬತ್ತಕ್ಕೆ.

ಲೆಕ್ಕದ ಮಾಸ್ತರ | ಜುಲೈ 9, ಬೆಳಿಗ್ಗೆ 6:15

ಗಾಳಿಯ ಗದ್ದಲದಲ್ಲಿ ಟೈರನ್ನು ಮರೆತೆವು. ನಿನ್ನೆ ರಾತ್ರಿ ಅದನ್ನೂ ಹಾಕಿ ನೋಡಿದೆ. ಗುಣಾಂಕ 0.006ರಿಂದ 0.004ಕ್ಕೆ ಇಳಿದರೆ, ಅಂದರೆ ದಪ್ಪ ರಬ್ಬರಿನ ಗಡಸು ಟೈರು ತೆಗೆದು ಒಳ್ಳೆಯ ಮೆದು ಟೈರು ಹಾಕಿದರೆ, 20ರ ವೇಗದವನಿಗೆ ಎಂಟೂಮುಕ್ಕಾಲು ವ್ಯಾಟ್ ಉಳಿಯುತ್ತದೆ. ಆ ವೇಗದಲ್ಲಿ ಏರೋ ಕೊಟ್ಟದ್ದು ನಾಲ್ಕಕ್ಕೂ ಕಡಿಮೆ. ಸಮಯದಲ್ಲಿ 7 ನಿಮಿಷ 46 ಸೆಕೆಂಡ್! 40ರ ವೇಗದಲ್ಲಿ ತಿರುವುಮುರುವು: ಟೈರು 17, ಗಾಳಿ 30. ಎರಡೂ ಸಮವಾಗುವುದು ಎಲ್ಲಿ ಎಂದು ಹುಡುಕಿದೆ. ಗಂಟೆಗೆ 30.4 ಕಿಲೋಮೀಟರ್.

ಹಳೆ ಟ್ರ್ಯಾಕ್ ಸವಾರರೇ, ನಿಮ್ಮ ಮೂವತ್ತರ ಗೆರೆ ಸುಳ್ಳಲ್ಲ. ಗಾಳಿ ಇಲ್ಲದ ದಿನ ಅದರ ಕೆಳಗೆ ಮೊದಲು ಟೈರು, ಅದರ ಮೇಲೆ ಮೊದಲು ಗಾಳಿ.

ಹಳೆ ಟ್ರ್ಯಾಕ್ ಸವಾರ | ಜುಲೈ 9, ಬೆಳಿಗ್ಗೆ 7:00

ನಲವತ್ತು ವರ್ಷ ಕಾಲಿನಿಂದ ಲೆಕ್ಕ ಹಾಕಿದ್ದನ್ನು ನೀವು ಒಂದು ರಾತ್ರಿಯಲ್ಲಿ ಹಾಳೆಯಲ್ಲಿ ಹಾಕಿದಿರಿ. ಈಗ ಉಳಿದರ್ಧ ಎತ್ತಿನ ಬಂಡಿಯನ್ನು ನಾನೇ ಇಟ್ಟುಕೊಳ್ಳುತ್ತೇನೆ.

ತಿಕೋಟಾ ರಸ್ತೆ | ಜುಲೈ 20, ರಾತ್ರಿ 8:15

ಹಾಳೆಯ ಲೆಕ್ಕ ನನ್ನ ರಸ್ತೆಯಲ್ಲಿ ನಿಲ್ಲುತ್ತದೆಯೇ ಎಂದು ಪರೀಕ್ಷೆ ಮಾಡಿದೆ. ಭೂತನಾಳ ಕೆರೆಯ ಕಡೆ ಒಂದು ಚಿಕ್ಕ ಇಳಿಜಾರಿದೆ, ಮುಂದೆ ಸಪಾಟು ರಸ್ತೆ. ಬೆಳಿಗ್ಗೆ ಐದೂವರೆಗೆ, ಗಾಳಿ ಇನ್ನೂ ಏಳುವ ಮೊದಲು, ಮಗನನ್ನು ಸೀಮೆಸುಣ್ಣ ಕೊಟ್ಟು ನಿಲ್ಲಿಸಿದೆ. ಮೈಲಿಗಲ್ಲಿನ ಬಳಿಯಿಂದ ಪೆಡಲ್ ತುಳಿಯದೆ ಸೈಕಲ್ ಬಿಡುವುದು, ತಾನಾಗಿ ನಿಂತಲ್ಲಿ ಅವನು ಗೆರೆ ಎಳೆಯುವುದು. ಪ್ರತಿಯೊಂದನ್ನೂ ಮೂರು ಸಲ.

ಮೇಲೆ ಹಿಡಿದು, ದಿನಾಲೂ ಹಾಕುವ ಸಡಿಲ ಅಂಗಿಯಲ್ಲಿ ಬಿಟ್ಟಾಗ ಮೂರು ಗೆರೆಗಳೂ ನಾಲ್ಕು ಹೆಜ್ಜೆಯೊಳಗೆ ಬಿದ್ದವು. ಅಂಗಿಯನ್ನು ಹೆಂಡತಿಯ ಸೇಫ್ಟಿ ಪಿನ್ನಿನಿಂದ ಬೆನ್ನಿಗೆ ಬಿಗಿದಾಗ ಎಂಟು ಹೆಜ್ಜೆ ಮುಂದೆ. ಕೆಳಗೆ ಹಿಡಿದು ಗದ್ದ ತಗ್ಗಿಸಿದಾಗ ಮತ್ತೆ ಇಪ್ಪತ್ತೈದು ಹೆಜ್ಜೆ. ಆಮೇಲೆ ಪಂಪು ತೆಗೆದು ಟೈರಿಗೆ ಗಾಳಿ ಹಾಕಿದೆ. ತಿಂಗಳಿಂದ ನೋಡಿರಲಿಲ್ಲ, ಒತ್ತಡ ನಲವತ್ತು ಪಿಎಸ್‌ಐಗೆ ಇಳಿದಿತ್ತು, ಎಪ್ಪತ್ತೈದು ಮಾಡಿದೆ. ಇನ್ನೂ ಮೂವತ್ತೈದು ಹೆಜ್ಜೆ! ಮಗ ಗೆರೆ ಎಳೆಯುವುದನ್ನು ಬಿಟ್ಟು ಓಡಿ ಬಂದ.

ಹೊರಗಿನ ಗಾಳಿಗೆ ಹೆದರಿ ಒಳಗಿನ ಗಾಳಿಯನ್ನು ಮರೆತಿದ್ದೆ.

ಸವದತ್ತಿ ಗಾಳಿಗಂಬ | ಜುಲೈ 20, ರಾತ್ರಿ 8:40

ನೂರಕ್ಕೆ ಏರಿಸಬೇಡಿ. ಜಲ್ಲಿ ಎದ್ದ ರಸ್ತೆಯಲ್ಲಿ ತೀರ ಗಡಸಾದ ಟೈರು ಪುಟಿಯುತ್ತದೆ, ಆ ಪುಟಿತ ನಿಮ್ಮ ಸೊಂಟಕ್ಕೂ ವೇಗಕ್ಕೂ ಕೇಡು. ಬೆನ್ನಚೀಲ ಹಾಕುತ್ತೀರಾ? ಹಾಕಿದರೆ ತೆಗೆಯಿರಿ. ನೀರಿನ ಬಾಟಲಿಯನ್ನು ಚೌಕಟ್ಟಿಗೆ ಸಿಕ್ಕಿಸಿ. ನಾನು ಮೊದಲು ಜಡೆ ಬಿಟ್ಟುಕೊಂಡು, ಓಢಣಿ ಕಟ್ಟಿಕೊಂಡು ಓಡಿಸುತ್ತಿದ್ದೆ. ಈಗ ಜಡೆ ಅಂಗಿಯ ಒಳಗೆ, ಓಢಣಿ ಮನೆಯಲ್ಲಿ. ಬೀದಿಯವರು ನಾಲ್ಕು ದಿನ ಮಾತಾಡಿದರು, ಐದನೆಯ ದಿನ ಬೇಸತ್ತರು. ಫಿನ್ಯೋಂ ಅವರಿಗೆ ಯಾರಾದರೂ ಇದನ್ನು ಹೇಳಬೇಕಿತ್ತು.

ಜಮಖಂಡಿ ಎಕ್ಸ್‌ಪ್ರೆಸ್ | ಜುಲೈ 20, ರಾತ್ರಿ 9:05

ಅಕ್ಕಾ, ನಾನು ಮುಂದಿನ ಚಕ್ರಕ್ಕೆ ಬದಿಯ ಪಟ್ಟಿ ಅಗಲವಿರುವ ಏರೋ ರಿಮ್ ಹಾಕಿಸಿದ್ದೇನೆ. ಕೊಲ್ಹಾರದ ಸೇತುವೆಯ ಮೇಲೆ ಅಡ್ಡ ಗಾಳಿ ಬಂದು ಅರ್ಧ ಮಾರು ಆಚೆ ಸರಿಸಿತು. ಹಿಂದೆ ಬಸ್ಸು ಇತ್ತು. ಏನು ಮಾಡಲಿ?

ಸವದತ್ತಿ ಗಾಳಿಗಂಬ | ಜುಲೈ 20, ರಾತ್ರಿ 9:12

ಮುಂದಿನದಕ್ಕೆ ಹಳೆಯ ರಿಮ್ ಹಾಕು ತಮ್ಮಾ, ಅಗಲದ್ದು ಹಿಂದೆ ಇರಲಿ. ಮುಂದಿನ ಚಕ್ರ ಹ್ಯಾಂಡಲನ್ನೇ ತಿರುಗಿಸುತ್ತದೆ, ಹಿಂದಿನದು ತಿರುಗಿಸುವುದಿಲ್ಲ. ಈ ತಿಂಗಳು ಕೃಷ್ಣೆಯ ಮೇಲೆ ಬೀಸುವ ಗಾಳಿ ನಮ್ಮ ಗಂಬಗಳಿಗೆ ಒಳ್ಳೆಯದು, ನಿನಗಲ್ಲ.

ತಿಕೋಟಾ ರಸ್ತೆ | ನವೆಂಬರ್ 16, ಬೆಳಿಗ್ಗೆ 8:50

ನಾಲ್ಕು ತಿಂಗಳ ಮೇಲೆ ಬರೆಯುತ್ತಿದ್ದೇನೆ. ಹೊಸ ಟೈರು ಎರಡು ಕೊಂಡೆ. ದರ್ಜಿಯ ಬಳಿ ಎರಡು ಅಂಗಿ ಒಯ್ದು ಬಿಗಿ ಮಾಡಿಸಿದೆ. "ಸಾಹೇಬರೇ, ಹೊಟ್ಟೆಯ ಹತ್ತಿರ ಇನ್ನು ಬಟ್ಟೆ ಇಲ್ಲ, ಹೊಟ್ಟೆಯನ್ನೇ ಬಿಗಿ ಮಾಡಿಸಬೇಕು" ಎಂದ. ಎದುರು ಗಾಳಿ ಇದ್ದಾಗಲೆಲ್ಲ ಕೆಳಗೆ ಹಿಡಿಯುವ ಅಭ್ಯಾಸ ಮಾಡಿದೆ. ಮೊದಲು ಐದು ನಿಮಿಷಕ್ಕೆ ಕುತ್ತಿಗೆ ಹಿಡಿಯುತ್ತಿತ್ತು, ಈಗ ಇಪ್ಪತ್ತು ನಿಮಿಷ ತಡೆಯುತ್ತದೆ.

ಇಂದು ಚಳಿ ಇತ್ತು, ಗಾಳಿ ಇರಲಿಲ್ಲ. ಒಣದ್ರಾಕ್ಷಿ ಶೆಡ್ಡುಗಳ ಮೇಲಿನ ಹೊಗೆಯಂಥ ಮಂಜು ನಿಂತಲ್ಲೇ ನಿಂತಿತ್ತು. ತಿಕೋಟಾದಲ್ಲಿ ಗಡಿಯಾರ ನೋಡಲಿಲ್ಲ, ಚಹಾ ಕೂಡ ಬೇಗ ಮುಗಿಸಿದೆ. ಬರುವಾಗ ಹಾಲಿನ ಕ್ಯಾನು ಕಾಕಾ ಎದುರಿಗೆ ಸಿಕ್ಕು ಕೈ ಎತ್ತಿದರು, ನಾನು ಗದ್ದ ಎತ್ತಲಿಲ್ಲ. ಮನ್ನಿಸಬೇಕು. ಮನೆಯ ಗೇಟಿಗೆ ಬಂದು ಮೊಬೈಲ್ ನೋಡಿದೆ.

1 ಗಂಟೆ 30 ನಿಮಿಷ 20 ಸೆಕೆಂಡ್.

ಲೆಕ್ಕದ ಮಾಸ್ತರ | ನವೆಂಬರ್ 16, ಬೆಳಿಗ್ಗೆ 9:04

ಐದು ನಿಮಿಷ 40 ಸೆಕೆಂಡ್ ಕಡಿಮೆ! ಸಿಡಿಎ 0.33, ಟೈರು 0.0045 ಎಂದು ಹಾಕಿದರೆ ಸರಿಯಾಗಿ ಇಷ್ಟೇ ಬರುತ್ತದೆ. ಆದರೆ ಒಂದು ಸಲದ್ದನ್ನು ನಂಬುವುದಿಲ್ಲ, ಇನ್ನೆರಡು ಭಾನುವಾರ ಓಡಿಸಿ.

ಹಾಲಿನ ಕ್ಯಾನು | ನವೆಂಬರ್ 16, ಬೆಳಿಗ್ಗೆ 10:20

ಮನ್ನಿಸಿದೆ. ನೀವು ಗದ್ದ ಎತ್ತಿದ್ದರೆ ಒಂದು ಸೆಕೆಂಡ್ ಹೋಗುತ್ತಿತ್ತಂತೆ, ನನ್ನ ಮಗಳು ಹೇಳಿದಳು. ಅವಳೂ ಇಲ್ಲಿ ಓದುತ್ತಾಳೆ.

ಜಮಖಂಡಿ ಎಕ್ಸ್‌ಪ್ರೆಸ್ | ನವೆಂಬರ್ 16, ಬೆಳಿಗ್ಗೆ 10:31

ಅಣ್ಣಾ, ಇಪ್ಪತ್ತು ಸೆಕೆಂಡ್ ಹೆಚ್ಚಾಗಿದೆ. ಹೆಲ್ಮೆಟಿನದು ಮೂವತ್ತಮೂರು.

ತಿಕೋಟಾ ರಸ್ತೆ | ನವೆಂಬರ್ 16, ಬೆಳಿಗ್ಗೆ 10:33

ಅದನ್ನೇ ಅರ್ಧ ಗಂಟೆಯಿಂದ ಯೋಚಿಸುತ್ತ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೇನೆ.